ಒಂಬತ್ತಡಿ

ಓಕ್ಲಹೋಮಾದ ಈ ಹುಲ್ಲಿನಡಿ
ಹಳೇ ಹೆದ್ದಾರಿ ಮಲಗಿದೆಯೆಂದು
ವರ್ಲಿನ್ ಸಲಾಕೆಯಿಂದ ನೆಲ ಕುಟ್ಟುತ್ತಾನೆ.
ಮಣ್ಣಾದರೆ ಧಪ್,
ದಾರಿಯಾದರೆ ಠಣ್.

ಬೇಲಿ ನುಸುಳಿ, ಮೊಜೆಲ್ ಅಜ್ಜಿಯ ಹಸುಗಳ ನಡುವೆ
ಮತ್ತೊಮ್ಮೆ ಠಣ್.
ಅಲ್ಲಿಂದ ಮೂವತ್ತು ಹೆಜ್ಜೆ ಏನೂ ಇಲ್ಲ:
ಯಾರೋ ಕಿತ್ತು ಹಂದಿಗೂಡಿಗೆ ಹಾಸಿಕೊಂಡಿದ್ದಾರೆ.

ಟೇಪು ಹಿಡಿದರೆ ಅಗಲ ಒಂಬತ್ತೇ ಅಡಿ.
ಇದ್ದ ದುಡ್ಡಿಗೆ ಅರ್ಧ ದೂರ ಹಾಕುವ ಬದಲು
ಅರ್ಧ ಅಗಲ ಹಾಕಿದರಂತೆ.
ಎದುರು ಗಾಡಿ ಬಂದರೆ?
ಕೇಳಿದ್ದು ಅವನನ್ನು,
ಹೇಳಿದ್ದು ಬೇಲಿಗೊರಗಿದ್ದ ಅಜ್ಜಿ:

'ಇಬ್ಬರೂ ಒಂದೊಂದು ಬದಿ ಗಾಲಿ ಮಣ್ಣಿಗಿಳಿಸಬೇಕು.
ನಮ್ಮಪ್ಪ ಇಳಿಸುವ ಜಾತಿಯಲ್ಲ.
ಸೀಸದ ಗಣಿಯ ಲಾರಿಗಳೂ ಬೈದುಕೊಂಡು ಸರಿಯುತ್ತಿದ್ದವು.
ಒಂದು ಸಂಜೆ ಸಿಕ್ಕವನೂ ಅಂಥವನೇ.
ಮೂತಿಗೆ ಮೂತಿ ಗಾಡಿ.
ಕತ್ತಲಾಯಿತು. ದೀಪ ಆರಿಸಿದರು.
ಅವನಲ್ಲಿ ಒಂದು ಬುಟ್ಟಿ ಪೀಚ್ ಹಣ್ಣು, ಅಪ್ಪನ ಜೇಬಲ್ಲಿ ಚಾಕು.
ಆಮೇಲೆ ಅವನ ಮಗನನ್ನೇ ನಾನು ಕಟ್ಟಿಕೊಂಡದ್ದು.'

ಕೊನೆಗೆ ಗಾಲಿ ಇಳಿಸಿದ್ದು ಯಾರು?

'ಅದಾ?
ಅದು ಎರಡು ಮನೆಯಲ್ಲಿ ಎರಡು ಥರ.'

ವರ್ಲಿನ್ ಆಗಲೇ ಹಳ್ಳದಾಚೆ.
ಧಪ್.
ಧಪ್.
ಅಜ್ಜಿ ಹಸುವಿನ ಕೊರಳಗಂಟೆಯನ್ನು
ಅಂಗೈಯಲ್ಲಿ ಹಿಡಿದು ನಿಲ್ಲಿಸುತ್ತಾಳೆ,
ಕೇಳಿಸಲೆಂದು.