ಒಳಗೆ ಬಿಟ್ಟ ಬಟ್ಟೆ

ಹನ್ನೊಂದು ವರ್ಷ ಬೇರೆಯವರ ಮಷೀನಿನ ಮೇಲೆ
ಬರೀ ಎಡಗಾಲು ಹೊಲಿದವಳು ನಾನು.
ಬಲಗಾಲು ಪಕ್ಕದ ಸಾಲಿನ ಶೇಕಮ್ಮನದು,
ಜೇಬು ಮತ್ತೊಬ್ಬರದು, ಗುಂಡಿ ಇನ್ನೊಬ್ಬರದು.
ಒಂದಿಡೀ ಪ್ಯಾಂಟು ನನ್ನದೆಂದು ಹೇಳಿಕೊಳ್ಳಲು
ಕೌಲ್ ಬಜಾರಿನಲ್ಲೊಂದು ತಗಡಿನ ಶೆಡ್ಡು ಹಿಡಿದೆ,
ಎರಡು ಹಳೇ ಮಷೀನು, ಒಂದು ಓವರ್‌ಲಾಕ್,
ಸಂಘದ ಸಾಲ, ಗೋಡೆಗೆ ಹೋದ ವರ್ಷದ ಕ್ಯಾಲೆಂಡರ್.

ಬೋರ್ಡಿಗೆ ಹೆಸರು ಕೇಳಿದ ಪೇಂಟರ್.
ಹೊನ್ನೂರಮ್ಮ, ಅಂದೆ.
"ಕೆಳಗ ಪ್ರೊಪ್ರೈಟರ್ ಅಂತ ಬರೀಲೇನಕ್ಕ?"
ಬಾಯಿ ಒಣಗಿತು.
"ಅದಕ್ಕೊಂದಿಷ್ಟು ಜಾಗ ಬಿಡು, ಆಮೇಲೆ ನೋಡೋಣು."

ಅಂಜಿಕೆ ಬರುವುದು ಬೆಳಗಿನ ಜಾವ ನಾಲ್ಕಕ್ಕೆ,
ನೀರು ಬಿಡುವ ಹೊತ್ತಿಗೆ,
ನೀರಿಗಿಂತ ಮೊದಲು ಬರುವ ಗಾಳಿಯ ಹಾಗೆ
ನಲ್ಲಿಯೊಳಗೆ ಗೊರಗೊರ ಸದ್ದು ಮಾಡುತ್ತ.
ಬಾಡಿಗೆ ಎಷ್ಟು, ದಾರದ ರೀಲು ಎಷ್ಟು,
ಒಂದು ತಾಸು ಕರೆಂಟು ಹೋದರೆ ಎಷ್ಟು,
ಎಲ್ಲ ಅದಕ್ಕೆ ಬಾಯಿಪಾಠ.
ನನಗಿಂತ ಚಲೋ ಗುಮಾಸ್ತ.

ಮೊದಲ ಆರ್ಡರು ಅರವತ್ತು ಪ್ಯಾಂಟು.
ಕರೆಂಟು ಹೋದ ರಾತ್ರಿ ಮೊಬೈಲಿನ ಬೆಳಕಲ್ಲಿ
ಕಟ್ಟು ಬಿಚ್ಚಿ ಎಣಿಸುವಾಗ ಚೀಟಿ ಅದಲುಬದಲಾಗಿದ್ದು
ಹೊಲಿಯುವಾಗ ಕಾಣಲಿಲ್ಲ.
ವಾಷಿಂಗಿನಿಂದ ಬಂದ ಮೇಲೆ ಕಂಡಿತು:
ಇಪ್ಪತ್ತೆರಡಕ್ಕೆ
ಒಂದು ಕಾಲು ನೇರಳೆ ಹಣ್ಣು, ಇನ್ನೊಂದು
ಮೇ ತಿಂಗಳ ಬಳ್ಳಾರಿಯ ಆಕಾಶ.

ನನ್ನ ಗಂಡ ಹುಲುಗಪ್ಪ ತಿರುವಿ ಮುರುವಿ ನೋಡಿ
"ನಡುವ ಸೇರಿಸಿ ಕಟ್ಟು, ಯಾರ್ ನೋಡ್ತಾರ" ಅಂದ.
ಕೆಟ್ಟ ಮನುಷ್ಯನೇನಲ್ಲ. ಅವನಿಗೂ ಅಂಜಿಕೆ,
ಅವನದು ಬೇರೆ ಅಳತೆ.

ಬ್ರೂಸ್‌ಪೇಟೆಯ ಗೋದಾಮಿಗೆ ಹದಿನೇಳು ಮೆಟ್ಟಿಲು.
ಗೊತ್ತು, ಕೆಳಗೆ ಕೂತು ನಾಲ್ಕು ಸಲ ಎಣಿಸಿದ್ದೆ.
ಎದುರಿನ ಮೆಣಸಿನಕಾಯಿ ಬಜ್ಜಿಯವನು ಎಣ್ಣೆ ಕಾಯಿಸಿದ,
ಒಂದು ಒಬ್ಬೆ ತೆಗೆದ, ಎರಡನೆಯದೂ ತೆಗೆದ,
ಗುಡ್ಡದ ಬಂಡೆ ಬಿಸಿಲು ಕುಡಿದು ಸುಮ್ಮನಿತ್ತು,
ನಾನಿನ್ನೂ ಎದ್ದಿರಲಿಲ್ಲ.
"ಯಾಕಕ್ಕ, ಆರಾಮಿಲ್ಲೇನು?" ಅಂದ.
ಹಂಗೇನಿಲ್ಲ ಅನ್ನಲು ಎದ್ದೆ.
ಎದ್ದಾಗಿತ್ತಲ್ಲ, ಹತ್ತಿದೆ.

ಮೂವತ್ತೆಂಟು ಈ ಕಡೆ, ಇಪ್ಪತ್ತೆರಡು ಆ ಕಡೆ ಇಟ್ಟು
"ಇವು ಕೆಟ್ಟಾವ ಸೇಠ್‌ಜೀ, ಕೊಡಂಗಿಲ್ಲ" ಅಂದೆ.
ನನ್ನ ದನಿ ನನಗೇ ಸೂಜಿ ಮುರಿದಂತೆ ಕೇಳಿಸಿತು.
ಜವರಿಲಾಲರು ಕನ್ನಡಕ ಹಾಕಿದರು, ತೆಗೆದರು.
ಕೆಟ್ಟದ್ದೊಂದನ್ನು ಒಳಮುಖ ಮಾಡಿ
ಹಿಂಬದಿಯ ಹೊಲಿಗೆ ಬೆರಳಲ್ಲಿ ಸವರಿದರು.
"ಇಷ್ಟು ಬಟ್ಟೆ ಯಾಕೆ ಬಿಟ್ಟೀ ಒಳಗೆ?
ಫ್ಯಾಕ್ಟರಿಯವರು ಬಿಡೋದಿಲ್ಲ."
"ಹಾಕ್ಕೊಂಡವರು ದಪ್ಪ ಆದರೆ
ಬಿಚ್ಚಿ ಅಗಲ ಮಾಡ್ಕೊಳ್ಳಲಿ ಅಂತ."
ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.
ನಷ್ಟ ಹಿಡಿದುಕೊಂಡು ಮೂವತ್ತೆಂಟರ ರೊಕ್ಕ ಎಣಿಸಿದರು.
ಮುಂದಿನ ಆರ್ಡರಿನ ಮಾತು ಎತ್ತಲಿಲ್ಲ.
ನಾನೂ ಎತ್ತಲಿಲ್ಲ.
ಇಳಿಯುತ್ತ ಏಳನೇ ಮೆಟ್ಟಿಲಲ್ಲಿ ನಿಂತೆ.
ತಿರುಗಿ ಹತ್ತಿ ಹೋಗಿ, ಎತ್ತಿದೆ.

ಗುರುವಾರ ಬಾ ಅಂದಿದ್ದಾರೆ. ಗುರುವಾರ ಏನಂತಾರೋ.
ಇವತ್ತು ಮಂಗಳವಾರ.
ನಾಲ್ಕಕ್ಕೆ ನಲ್ಲಿ ಗೊರಗೊರ ಅಂದಿತು,
ಗುಮಾಸ್ತ ಬಂದ, ಲೆಕ್ಕ ಓದಿದ.
ಓದಲಿ ಅಂತ ಕೊಡ ಇಟ್ಟೆ.
ಈಗ ಶೆಡ್ಡಿನಲ್ಲಿ ಇಪ್ಪತ್ತೆರಡನ್ನೂ ಬಿಚ್ಚುತ್ತ ಕೂತಿದ್ದೇನೆ,
ಒಂದೊಂದು ಕಾಲಿಗೂ ಅದರದೇ ಜೋಡಿ ಹುಡುಕಬೇಕು.
ಬೆರಳಸಂದಿಯ ನೀಲಿ ತೊಳೆದರೆ ಹೋಗುವುದಿಲ್ಲ,
ರೊಟ್ಟಿ ಬಡಿಯುವಾಗ ಹಿಟ್ಟಿಗೂ ಹತ್ತುತ್ತದೆ.
ಹತ್ತಲಿ.

ಬೋರ್ಡಿನ ಮೇಲೆ, ಹೆಸರಿನ ಕೆಳಗೆ,
ಪೇಂಟರ್ ಬಿಟ್ಟ ಜಾಗ ಹಾಗೇ ಇದೆ,
ಒಂದು ಗೇಣು.