ಇಪ್ಪತ್ತೇಳು

ಗೋಡೆಯ ಪೆಟ್ಟಿಗೆ ಇಪ್ಪತ್ತೇಳು ಎನ್ನುತ್ತಿತ್ತು.
ಕೆಂಪಗೆ, ಮಿಟುಕದೆ, ಹಗಲೂ ಇರುಳೂ ಇಪ್ಪತ್ತೇಳು.
ಚಾಕಿ ಹುಳುವಿಗೆ ಬೇಕಾದದ್ದೂ ಅಷ್ಟೇ,
ತರಬೇತಿಯ ನೋಟ್‌ಬುಕ್ಕಿನಲ್ಲಿ ಇದ್ದದ್ದೂ ಅಷ್ಟೇ,
ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಪಿಳ್ಳಮ್ಮ ಮಾತ್ರ ಮೇಣದ ಕಾಗದ ಎತ್ತಿ
ಅಂಗೈಯ ಬೆನ್ನನ್ನು ತಟ್ಟೆಯ ಮೇಲೆ ಹಿಡಿದು
ಚಲಿ, ಅಂದಳು.
ಅವಳ ಮನೆಮಾತಲ್ಲಿ ಚಲಿ, ನನ್ನದರಲ್ಲಿ ಚಳಿ;
ನಾಲಿಗೆ ಒಂದಿಷ್ಟು ಹಿಂದಕ್ಕೆ ಮಡಚಿದರೆ ಎರಡೂ ಒಂದೇ.
ನಾನು ಮಡಚಲಿಲ್ಲ. ಬೆರಳೆತ್ತಿ ಗೋಡೆ ತೋರಿಸಿದೆ.
ಅಂಕಿ ಓದಬಲ್ಲವಳು ನಾನು ತಾನೆ.

ಮೂರನೆಯ ಬೆಳಿಗ್ಗೆ
ನಂದಿ ಕಡೆಯ ಗಾಳಿ ಶಟರ್ ಕೆಳಗೆ ನುಸುಳಿ
ಕಾಲ್ಬೆರಳು ಕಚ್ಚಿತು.
ಹೆಚ್ಚಿ ಹಾಕಿದ ಎಳೆಸೊಪ್ಪು ಹಾಗೇ ಬಾಡಿತ್ತು.
ಮೊದಲ ಜ್ವರಕ್ಕೆ ಕೂರಬೇಕಿದ್ದ ಹುಳು
ಕೂತೂ ಇಲ್ಲ, ಮೇಯುತ್ತಲೂ ಇಲ್ಲ,
ಒಂದರ ಮೈಮೇಲೊಂದು ಹತ್ತಿ ಮುದುರಿದ್ದವು.
ಪೊರೆ ಬಿಡುವ ಮಂಪರಿಗೆ ನಮ್ಮ ಕಡೆ ಜ್ವರ ಅನ್ನುತ್ತೇವೆ.
ಜ್ವರ ಬರಲಿಕ್ಕೂ ಬಿಸಿ ಬೇಕು.

ಬಕ್ಷುಗೆ ಫೋನು ಮಾಡಿದೆ. ವಿಜಯಪುರದಲ್ಲಿ
ತಂಗಿಮಗನ ವಲೀಮಾ. ಬಾಯ್ತುಂಬ ತುತ್ತು.
"ಹೊಸ ಕಂಟ್ರೋಲು ಶಿಡ್ಲಘಟ್ಟದ ಅಂಗಡಿಯಲ್ಲೇ ಇದೆ ಅಕ್ಕ,
ಹುಡುಗನ ಕೈಲಿ ಕಳಿಸ್ತೀನಿ, ನೀನೇ ಹಾಕು.
ಮೈನ್ ಇಳಿಸು. ಟೆಸ್ಟರ್ ಇಡು.
ಆಮೇಲೆ ಇನ್ನೊಂದು ಸಲ ಟೆಸ್ಟರ್ ಇಡು."
ಹಿಂದೆ ಯಾರೋ ಅವನಿಗೆ ಇನ್ನೂ ಬಡಿಸುತ್ತಿದ್ದರು.

ನಾಲ್ಕು ತಿರುಪು. ಒಂದು ತುಕ್ಕು ಹಿಡಿದದ್ದು,
ಬಿಚ್ಚಲಿಕ್ಕೆ ಮೂರು ಬೈಗುಳ ಹಿಡಿಯಿತು.
ಮುಚ್ಚಳ ತೆಗೆದರೆ ಒಳಗೆ
ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿತ್ತು,
ಬಿಸಿ ಅಳೆಯುವ ತಂತಿಯ ತುದಿಯನ್ನು
ನಡುಮನೆಯ ಕಂಬದ ಹಾಗೆ ಇಟ್ಟುಕೊಂಡು.
ಪೆಟ್ಟಿಗೆ ಸುಳ್ಳಾಡಿರಲಿಲ್ಲ.
ಅಷ್ಟು ಜಾಗದಲ್ಲಿ ಇಪ್ಪತ್ತೇಳೇ ಇತ್ತು.

ಬ್ಲೀಚಿಂಗ್ ಪುಡಿ ಕುಡಿದೂ ಕುಡಿದೂ
ಮೂರು ವೈರಿಗೂ ಒಂದೇ ಬಣ್ಣ.
ಯಾವುದು ಎಲ್ಲಿತ್ತು ಮರೆಯದಿರಲೆಂದು
ಪಿಳ್ಳಮ್ಮ ಸೆರಗಿನಂಚಿನ ಎಳೆ ಕಿತ್ತು
ಒಂದಕ್ಕೆ ಒಂದು ಗಂಟು ಹಾಕಿದಳು, ಇನ್ನೊಂದಕ್ಕೆ ಎರಡು,
ಮೂರನೆಯದನ್ನು ಹಾಗೇ ಬಿಟ್ಟಳು.
ಗಂಟು ನೋಡಿಕೊಂಡು ನಾನು ಸಿಕ್ಕಿಸುತ್ತಾ ಹೋದೆ.
ಅವಳು ಟಾರ್ಚು ಹಿಡಿದಿದ್ದಳು. ಕೈ ನಡುಗಲಿಲ್ಲ, ನನ್ನದು ನಡುಗಿತು.

ಮೈನ್ ಎತ್ತಿದೆ.
ಹೊಸ ಪೆಟ್ಟಿಗೆ ಒಂದು ಗಳಿಗೆ ಏನೇನೋ ತೋರಿಸಿ
ನಿಂತಿತು: ಹತ್ತೊಂಬತ್ತು.
"ಎಷ್ಟಂತೆ?" ಅಂದಳು. ಹೇಳಿದೆ.
ಹೂಂ ಎಂದೂ ಅನ್ನಲಿಲ್ಲ,
ಕಾಗದ ಎತ್ತಿ ಕೈ ಒಳಗಿಟ್ಟಳು.

ಟಿಕ್. ಕಾಯಿಲು ಕೆಂಪಾಯಿತು,
ಹೋದ ಮಾಗಿಯ ಧೂಳು ಸುಟ್ಟ ವಾಸನೆ.
ಸಂಜೆಗೆ ಇಪ್ಪತ್ತೇಳು. ಈಗಿನದು ಅಂಕಿ ಅದೇ,
ನನಗೆ ನೋಡಲು ನಾಚಿಕೆ.

ಹುಳು ಮೇಯುವುದು ಮಳೆ ಸದ್ದಿನಂತೆ ಅನ್ನುತ್ತಾರೆ,
ಅದು ದೊಡ್ಡ ಹುಳುವಿನ ಮಾತು.
ಈ ವಯಸ್ಸಿನದಕ್ಕೆ ಸದ್ದೇ ಇಲ್ಲ.
ಸೊಪ್ಪಿನ ಚೂರು ಬೆಳಕಿಗೆ ಹಿಡಿದರೆ
ಸೂಜಿ ಚುಚ್ಚಿದಷ್ಟು ತೂತು, ಎರಡು, ಆಮೇಲೆ ಎಣಿಸಲಾರದಷ್ಟು.

ಕೆಳಗಿನ ತಟ್ಟೆಯವು ಜ್ವರಕ್ಕೆ ಕೂರುವುದು ಒಂದು ದಿನ ತಡ.
ಮೊಟ್ಟೆ ಬುಕ್ ಮಾಡಿದ ಹನ್ನೊಂದು ಮನೆಗೂ
ಒಂದೊಂದಾಗಿ ಫೋನು ಮಾಡಿ ಹೇಳಿದೆ.
ಯಾಕೆ ಅಂತ ಕೇಳಿದರು.
ಪೆಟ್ಟಿಗೆ ಕೆಟ್ಟಿತ್ತು, ಅಂದೆ.
ಪಿಳ್ಳಮ್ಮ ಪಕ್ಕದಲ್ಲೇ ಸೊಪ್ಪು ಹೆಚ್ಚುತ್ತಿದ್ದಳು.