ಇನಾಸಪ್ಪ ಮೇಷ್ಟ್ರ ತುಟಿ

ಭದ್ರಾವತಿಗೆ ಸಿನಿಮಾ ತೆಗೆಯಲು ಬಂದವರು
ಮೊದಲು ಕೇಳಿದ್ದು: ಇಲ್ಲಿ ಬೇಸ್‌ಬಾಲ್ ಆಡೋರು ಇದ್ದಾರಾ?
ಟೀ ಅಂಗಡಿಯ ಸೆಲ್ವಣ್ಣ ನಮ್ಮ ಕಡೆ ಕೈ ತೋರಿಸಿದ.
"ಆಡ್ತಾರೆ. ಗೆಲ್ಲೋದು ಕೇಳ್ಬೇಡಿ."

ಹನ್ನೊಂದು ವರ್ಷ, ಜಿಲ್ಲಾ ಮಟ್ಟದಲ್ಲಿ ಹನ್ನೊಂದು ಸೋಲು.
ಒಮ್ಮೆ ಮಾತ್ರ ಗೆದ್ದೇಬಿಟ್ಟೆವು ಅಂದುಕೊಂಡಿದ್ದೆವು,
ಎದುರಾಳಿಗಳ ಬಸ್ಸು ಆಯನೂರಿನ ಹತ್ತಿರ ಪಂಚರ್ ಆಗಿತ್ತು.
ಹಾಕಿಸಿಕೊಂಡು ಬಂದರು.

ಕಥೆ ಇಷ್ಟೇ: ಯಾರಿಗೂ ಬೇಡದ ಬಡ ಹುಡುಗರ ತಂಡ
ಬಿದ್ದು, ಎದ್ದು, ನಗಿಸಿ, ಕೊನೆಗೆ
ಸಿಟಿ ಚಾಂಪಿಯನ್ನರನ್ನು ಸೋಲಿಸುತ್ತದೆ.
ಆ ಬಡ ಹುಡುಗರು ನಾವೇ ಅಂದುಕೊಂಡೆವು.
ಅಲ್ಲವಂತೆ. ಅದಕ್ಕೆ ಆಗಲೇ ಬೆಂಗಳೂರಿನಿಂದ
ಒಂಬತ್ತು ಜನ ವ್ಯಾನಿನಲ್ಲಿ ಬಂದಿದ್ದರು,
ಒಬ್ಬೊಬ್ಬರ ತಲೆಗೂ ಕೊಡೆ ಹಿಡಿಯುವ ಒಬ್ಬೊಬ್ಬ.
ನಾವು ಚಾಂಪಿಯನ್ನರು.
ದಿನಕ್ಕೆ ಆರುನೂರು, ಮಧ್ಯಾಹ್ನ ಚಿತ್ರಾನ್ನ, ಮೊಟ್ಟೆ ಒಂದು.

ನಮ್ಮ ಕಣ್ಣೆದುರೇ ಹೊಸ ಅಂಗಿಗಳನ್ನು ಬ್ಲೇಡಿನಲ್ಲಿ ಹರಿದು
ಟೀ ಡಿಕಾಕ್ಷನ್ನಿನಲ್ಲಿ ಅದ್ದಿ
ಅವರಿಗೆ ಬಡತನ ತಯಾರು ಮಾಡುತ್ತಿದ್ದರು.
ನಮಗೆ ಮಿರಮಿರ ನೀಲಿ ಜೆರ್ಸಿ, ಅಡಿಗೆ ಮುಳ್ಳಿರುವ ಶೂ.
ವೆಲ್ಡಿಂಗ್ ರುದ್ರೇಶಿ ಅದನ್ನು ಹಾಕಿಕೊಂಡು
ಸಿಮೆಂಟಿನ ಮೇಲೆ ಟಕಟಕ ಎರಡು ಸುತ್ತು ನಡೆದ,
ಸುಮ್ಮನೆ, ಸದ್ದು ಕೇಳಲು.
ಸಂಜೆ ಎಲ್ಲ ಎಣಿಸಿ ವಾಪಸ್ಸು ತೆಗೆದುಕೊಳ್ಳುತ್ತಿದ್ದರು.
ಒಂದು ದಿನ ಒಂದು ಕಾಲುಚೀಲ ಕಮ್ಮಿ ಬಂತೆಂದು
ಅಯೂಬನ ಆರುನೂರರಲ್ಲಿ ನಲವತ್ತು ಮುರಿದರು.

ಅಂಪೈರ್ ಮಾತ್ರ ನಿಜವಾದ ಅಂಪೈರ್.
ಇನಾಸಪ್ಪ ಮೇಷ್ಟ್ರು, ಕಾರ್ಖಾನೆ ಶಾಲೆಯಲ್ಲಿ ಪಿ.ಟಿ. ಆಗಿದ್ದವರು,
ಒಮ್ಮೆ ಸ್ವಂತ ಮಗನನ್ನೇ ಔಟ್ ಕೊಟ್ಟು
ಮೂರು ದಿನ ಮನೆಯಲ್ಲಿ ಉಪ್ಪಿಲ್ಲದ ಸಾರು ಉಂಡವರು.

ಕೊನೆಯ ದೃಶ್ಯ. ಹೀರೋ ಓಡಿ ಬರಬೇಕು, ಜಾರಬೇಕು,
ಧೂಳು ಏಳಬೇಕು, ಮೇಷ್ಟ್ರು "ಸೇಫ್" ಅನ್ನಬೇಕು.
ಹೀರೋ ಬಂದ, ಹಾಲಿನ ಕ್ಯಾನು ತುಳುಕದ ಹಾಗೆ.
ಚೆಂಡು ಅವನಿಗಿಂತ ಎಷ್ಟೋ ಮೊದಲು ಬಂದು
ನನ್ನ ಗ್ಲೌಸಿನಲ್ಲಿ ಕೂತು ಅವನ ದಾರಿ ಕಾಯುತ್ತಿತ್ತು.
ಮುಟ್ಟಿಸಬೇಡ ಅಂದಿದ್ದರು. ಕೈ ಕೇಳಬೇಕಲ್ಲ.
"ಔಟ್!" ಅಂದರು ಮೇಷ್ಟ್ರು.

ಡೈರೆಕ್ಟರ್ ಟೋಪಿ ತೆಗೆದು ಹತ್ತಿರ ಬಂದ.
ಸರ್, ಇದು ಸಿನಿಮಾ.
"ಗೊತ್ತು ಮಾರಾಯ. ಅವನಿಗೆ
ಸ್ವಲ್ಪ ಜೋರಾಗಿ ಓಡೋಕೆ ಹೇಳು."

ಹದಿನಾಲ್ಕು ಟೇಕು. ಹದಿನಾಲ್ಕು ಔಟ್.
ನಡುವೆ ನಾನೇ ಚೆಂಡು ಕೆಳಗೆ ಬಿಡೋಣ ಅಂತ ನೋಡಿದೆ,
"ಬೇಕಂತ ಬಿಟ್ಟರೆ ಮೊದಲು ನೀನು ಹೊರಗೆ" ಅಂದರು
ತುಟಿ ಅಲುಗಿಸದೆ.
ಹೀರೋನ ಮೊಣಕಾಲು ಸುಲಿದು ರಕ್ತ ಬಂತು.
ಮೇಕಪ್ಪಿನವ ಓಡಿ ಬಂದು ಅದನ್ನು ಒರೆಸಿ
ಇನ್ನೂ ಚೆನ್ನಾಗಿರುವ ರಕ್ತ ಹಚ್ಚಿದ.
ಅಷ್ಟರಲ್ಲಿ ಬಿಸಿಲು ಕಾರ್ಖಾನೆಯ ಆರಿದ ಚಿಮಣಿಯ ಹಿಂದೆ ಹೋಯಿತು.
ಕೈ ಕಾಣದ ಹಾಗೆ ಮುಖ ಮಾತ್ರ ಇಟ್ಟುಕೊಳ್ಳೋಣ ಬಿಡಿ,
ಉಳಿದದ್ದು ಡಬ್ಬಿಂಗಿನಲ್ಲಿ.

ಸಿನಿಮಾ ಎಲ್ಲ ಕಡೆ ಒಂದು ವಾರ ಓಡಿತು,
ನಮ್ಮಲ್ಲಿ ಒಂದೂವರೆ.
ಮೊದಲ ದಿನ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿ ಬಂದಿದ್ದರು.
ಪರದೆಯ ಮೇಲೆ ಅವರ ಮುಖ ಗೋಡೆಯಷ್ಟಾಯಿತು,
ಮೀಸೆಯ ಕೆಳಗೆ ತುಟಿ ದುಂಡಗಾಗಿ ಬಿರಿದು
ಔಟ್ ಅಂದಿತು.
ಎಲ್ಲಿಂದಲೋ ಒಂದು ನಯವಾದ ದನಿ, "ಸೇಫ್!"

ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ.
ಆಮೇಲೆ ಹಿಂದಿನ ಸಾಲಿನಿಂದ
ಹಳೇ ಕ್ರೇನ್ ಆಪರೇಟರ್ ಒಬ್ಬ, ಗಂಟಲು ಹರಿಯುವ ಹಾಗೆ,
ಔಟ್!
ಬಾಲ್ಕನಿ, ಔಟ್! ಟಿಕೆಟ್ ಹರಿಯುವವನೂ, ಔಟ್!
ಅಲ್ಲಿ ಹೀರೋ ಕಪ್ಪು ಎತ್ತುತ್ತಿದ್ದ, ಹೂವು ಸುರಿಯುತ್ತಿತ್ತು,
ಹಾಡು ಒಂದಕ್ಷರ ಕೇಳಿಸಲಿಲ್ಲ.
ರುದ್ರೇಶಿ ಕುರ್ಚಿಯ ಮೇಲೆ ನಿಂತು
ಹವಾಯಿ ಚಪ್ಪಲಿಯಲ್ಲೇ ಟಕಟಕ ಮಾಡಲು ನೋಡುತ್ತಿದ್ದ.

ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ
ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.
ಸೇತುವೆ ದಾಟಿದ ಮೇಲೆ ಕೇಳಿದರು,
"ಒಂಬತ್ತನೇ ಸಲ... ನೀನು ಮುಟ್ಟಿಸಿದ್ದೆ ತಾನೆ?"

ನಾನು ಹಾರ್ನ್ ಹೊಡೆದೆ.
ರಸ್ತೆಯಲ್ಲಿ ಯಾರೂ ಇರಲಿಲ್ಲ.